ಪೋಸ್ಟ್‌ಗ್ರೆಸ್ ಡೇಟಾಬೇಸ್: ಫಂಕ್ಷನ್ ರಿಪ್ಲೇಸ್ ಮಾಡಿದ್ರೂ ಬ್ಯಾಚಲ್ಲಿ ಹಳೇದೇ ಓಡ್ತಾ ಉಂಟು

ಕುಡ್ಲ_ಕೋಡ್:
ನಮಸ್ಕಾರ, ಮಂಗಳೂರಲ್ಲಿ ಸಣ್ಣ ಆಫೀಸು, ಸೊಸೈಟಿಗಳ ಸಾಲ-ಠೇವಣಿ ಸಾಫ್ಟ್‌ವೇರ್ ನೋಡ್ಕೊಳ್ಳುದು. ಹಳಬರು ಬಿಟ್ಟುಹೋದ ಆರುನೂರು ಚಿಲ್ಲರೆ ಫಂಕ್ಷನ್ (ಡೇಟಾಬೇಸ್ ಒಳಗೇ ಇಟ್ಟ ಕೋಡ್) ಎಲ್ಲ ಪಬ್ಲಿಕ್ ಸ್ಕೀಮಾದಲ್ಲೇ (ಸ್ಕೀಮಾ ಅಂದ್ರೆ ಫೋಲ್ಡರಿನ ಹಾಗೆ) ರಾಶಿ ಬಿದ್ದಿದೆ. ಬಡ್ಡಿ ಲೆಕ್ಕದ್ದಕ್ಕೆ ನಾಲ್ಕನೇ ಪ್ಯಾರಾಮೀಟರ್ (ಕರೆಯುವಾಗ ಕೊಡುವ ಬೆಲೆ) ಸೇರಿಸಿ ಕ್ರಿಯೇಟ್ ಆರ್ ರಿಪ್ಲೇಸ್ ಕೊಟ್ಟದ್ದು, ಎರರ್ ಎಂತದೂ ಇಲ್ಲ, ಸ್ಕ್ರೀನಲ್ಲಿ ಹೊಸ ಬಡ್ಡಿ ಬರ್ತದೆ ಆದ್ರೆ ರಾತ್ರಿ ತಾನೇ ಓಡುವ ಬ್ಯಾಚಲ್ಲಿ ಮಾತ್ರ ಹಳೇದೇ. ಎಂತ ಕಥೆ ಮಾರ್ರೆ ಇದು?

ಮಲ್ಪೆ_ಬಂದರು:
ರಿಪ್ಲೇಸ್ ಆಗ್ಲೇ ಇಲ್ಲ ಅದು. ಹೆಸರು ಮತ್ತು ಆರ್ಗ್ಯುಮೆಂಟ್ (ಪ್ಯಾರಾಮೀಟರ್) ಟೈಪ್ ಎರಡೂ ಸೇರಿಯೇ ಒಂದು ಫಂಕ್ಷನ್, ನಾಲ್ಕನೇದ್ದು ಬಂದ ಕೂಡ್ಲೇ ಅದು ಬೇರೆಯೇ ಆಯ್ತು, ಮೂರರದ್ದು ಅಲ್ಲೇ ಕೂತಿದೆ, ಬ್ಯಾಚ್ ಅದನ್ನೇ ಕರೀತಾ ಉಂಟು. ನಾಲ್ಕನೇದಕ್ಕೆ ಡಿಫಾಲ್ಟ್ (ಕೊಡದಿದ್ರೆ ತಗೊಳ್ಳುವ ಬೆಲೆ) ಇದ್ದಿದ್ರೆ, ಎರಡರಲ್ಲಿ ಯಾವುದನ್ನು ಕರೆಯುದು ಗೊತ್ತಾಗದೆ 'ಈಸ್ ನಾಟ್ ಯುನೀಕ್' ಹೇಳಿ ಬೊಬ್ಬೆಯಾದ್ರೂ ಹಾಕ್ತಿತ್ತು. ಪಿಎಸ್‌ಕ್ಯೂಎಲಲ್ಲಿ \ಡಿಎಫ್ (ಫಂಕ್ಷನ್ ಪಟ್ಟಿ ತೋರಿಸುವ ಕಮಾಂಡ್) ಹೊಡೆದು ನೋಡಿ. ಮೊದ್ಲು ಬ್ಯಾಚಿನ ಕಾಲ್ ಬದಲಿಸಿ, ಆಮೇಲೆ ಟೈಪ್ ಸಮೇತ ಬರೆದು ಹಳೇದನ್ನು ಡ್ರಾಪ್ ಮಾಡಿ. ಹಳೇದರ ಪರ್ಮಿಶನ್ ಹೊಸದಕ್ಕೆ ಬರುದಿಲ್ಲ, ಅದನ್ನೂ ನೋಡ್ಕೊಳ್ಳಿ.

ಕುಡ್ಲ_ಕೋಡ್:
ಅಯ್ಯೋ ಇಂಟಿಜರ್ (ಪೂರ್ಣಾಂಕ) ತಗೊಳ್ಳುವ ಅದೇ ಹೆಸರಿನ ಇನ್ನೊಂದು ಕೂಡ ಉಂಟು, ಒಟ್ಟು ಮೂರು! ಈ ರಾಶಿಯನ್ನೇ ಒಂದು ದಾರಿಗೆ ತರುದು ಹೇಗೆ? ಯೂಸ್ ಇಲ್ಲದ್ದನ್ನು ತೆಗೀಬಹುದಾ?

ಮಣಿಪಾಲ_ರಾತ್ರಿಪಾಳಿ:
ಮೊದ್ಲು ಡೇಟಾಬೇಸಲ್ಲಿ ನೇರ ತಿದ್ದುದು ನಿಲ್ಲಿಸಿ. ಪಿಜಿ_ಪ್ರಾಕ್ (ಫಂಕ್ಷನ್‌ಗಳ ಪಟ್ಟಿ ಇರುವ ಸಿಸ್ಟಮ್ ಟೇಬಲ್) ಮೇಲೆ ಪಿಜಿ_ಗೆಟ್_ಫಂಕ್ಷನ್‌ಡೆಫ್ ಓಡಿಸಿದ್ರೆ ಎಲ್ಲದರ ಸೋರ್ಸ್ ಸಿಗ್ತದೆ, ಅಗ್ರಿಗೇಟ್‌ಗಳನ್ನು (ಸಮ್, ಕೌಂಟ್ ತರದವು) ಪ್ರೊಕೈಂಡ್ ಕಾಲಂ ನೋಡಿ ಬಿಡ್ಬೇಕು ಇಲ್ಲದಿದ್ರೆ ಎರರ್ ಕೊಡ್ತದೆ, ಒಂದೊಂದಕ್ಕೆ ಒಂದೊಂದು ಫೈಲ್ ಮಾಡಿ ಗಿಟ್‌ಗೆ (ಕೋಡಿನ ಬದಲಾವಣೆ ದಾಖಲಿಸುವ ಟೂಲ್) ಹಾಕಿ. ಆಮೇಲೆ ಸಾಲ, ಠೇವಣಿ, ರಿಪೋರ್ಟ್ ಹೇಳಿ ಬೇರೆ ಬೇರೆ ಸ್ಕೀಮಾ. ಒರೇಕಲ್‌ ಡೇಟಾಬೇಸಿನ ಪ್ಯಾಕೇಜ್ (ಫಂಕ್ಷನ್‌ಗಳನ್ನು ಗುಂಪು ಮಾಡುದು) ಇಲ್ಲಿ ಇಲ್ಲ, ಸ್ಕೀಮಾವೇ ಗತಿ. ಸೆಟ್ ಸ್ಕೀಮಾ ಕಮಾಂಡಲ್ಲಿ ಸಾಗಿಸ್ಲಿಕ್ಕೆ ಸುಲಭ, ಆದ್ರೆ ಪಿಎಲ್‌ಪಿಜಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್‌ನ ಫಂಕ್ಷನ್ ಬರೆಯುವ ಭಾಷೆ) ಬಾಡಿ ಬರೀ ಟೆಕ್ಸ್ಟ್ ಆಗಿ ಕೂತಿರ್ತದೆ, ಒಳಗೆ ಯಾರು ಯಾರನ್ನು ಕರೀತಾರೆ ಹೇಳಿ ಪೋಸ್ಟ್‌ಗ್ರೆಸ್ ಲೆಕ್ಕ ಇಡುದಿಲ್ಲ, ಓಡುವಾಗಲೇ ಮುಗ್ಗರಿಸುದು. ಹಾಗಾಗಿ ಪಿಜಿ_ಪ್ರಾಕ್‌ನ ಪ್ರೊಎಸ್‌ಆರ್‌ಸಿ ಕಾಲಂನಲ್ಲಿ (ಕೋಡ್ ಇರುವ ಜಾಗ) ಹೆಸರು ಹುಡುಕಿ, ಓಡಿಸುವ ಮೊದ್ಲೇ ತಪ್ಪು ಹುಡುಕುವ ಪಿಎಲ್‌ಪಿಜಿಎಸ್‌ಕ್ಯೂಎಲ್_ಚೆಕ್ ಎಕ್ಸ್‌ಟೆನ್ಶನ್ ಕೂಡ ಹಾಕಿ ಓಡಿಸಿ. ಸಾದಾ ಎಸ್‌ಕ್ಯೂಎಲ್ ಫಂಕ್ಷನ್ ಆದ್ರೆ 14ನೇ ವರ್ಷನ್‌ನಿಂದ ಬಿಗಿನ್ ಅಟಾಮಿಕ್ ಉಂಟು, ಅದರಲ್ಲಿ ಡಿಪೆಂಡೆನ್ಸಿ (ಯಾವುದು ಯಾವುದನ್ನು ನಂಬಿದೆ) ಲೆಕ್ಕ ಇರ್ತದೆ.

ತೆಗೆಯುವ ವಿಷಯ: ಟ್ರ್ಯಾಕ್_ಫಂಕ್ಷನ್ಸ್ ಸೆಟ್ಟಿಂಗ್ ಡಿಫಾಲ್ಟ್ 'ನನ್' (ಆಫ್), ಅದನ್ನು 'ಆಲ್' ಮಾಡಿದ್ರೆ ಪಿಜಿ_ಸ್ಟ್ಯಾಟ್_ಯೂಸರ್_ಫಂಕ್ಷನ್ಸಲ್ಲಿ ಎಷ್ಟು ಸಲ ಕರೆದದ್ದು ಗೊತ್ತಾಗ್ತದೆ. ಇನ್‌ಲೈನ್ ಆಗುವ (ಕರೆಯುವ ಕ್ವೆರಿಯೊಳಗೇ ಸೇರಿಹೋಗುವ) ಸಣ್ಣ ಎಸ್‌ಕ್ಯೂಎಲ್ ಫಂಕ್ಷನ್‌ಗಳು ಅದರಲ್ಲಿ ಕಾಣುದಿಲ್ಲ. ಮತ್ತೆ ಮಾರ್ರೆ, ನಿಮ್ದು ಸೊಸೈಟಿ ಲೆಕ್ಕ, ಮಾರ್ಚ್ 31 ದಾಟುವ ತನಕ ಸೊನ್ನೆ ಕಂಡ್ರೂ ಯಾವುದನ್ನೂ ಮುಟ್ಬೇಡಿ, ವರ್ಷಕ್ಕೊಮ್ಮೆ ಮಾತ್ರ ಓಡುವವು ಇರ್ತವೆ.

ಕುಡ್ಲ_ಕೋಡ್:
ಬ್ಯಾಚಿನ ಕಾಲ್ ಬದಲಿಸಿದೆ, ಲೆಕ್ಕ ತಾಳೆ ಆಯ್ತು. ಮೂರರದ್ದು ಡ್ರಾಪ್. ಇಂಟಿಜರಿನದ್ದನ್ನು ಒಂದು ರಿಪೋರ್ಟ್ ಕರೀತಾ ಉಂಟು, ಅದು ಸದ್ಯ ಇರ್ಲಿ.