ಚಿಕ್ಕಪ್ಪನ ಕೈ ಕಟ್ಟಿರೋ ವಿಷಯಕ್ಕೆ

ಚಿಕ್ಕಮ್ಮ, ಮನೆಯವರ ಗ್ರೂಪಿಗೆ ನೀವು ಹಾಕಿದ ಮೆಸೇಜ್ ಮೂರು ಸಲ ಓದಿದೆ. ಟೈಪ್ ಮಾಡೋಕೆ ಕೈ ಓಡ್ತಿಲ್ಲ, ಅದಕ್ಕೆ ಮಾತಾಡೇ ಕಳಿಸ್ತಿದೀನಿ. ಉದ್ದ ಆದರೂ ಎಲ್ಲರೂ ಪೂರ್ತಿ ಕೇಳಿ.

ಸೊಂಟದ ಮೂಳೆ ಆಪರೇಷನ್ ಆಗಿ ಎರಡನೇ ರಾತ್ರಿ ಚಿಕ್ಕಪ್ಪ ಡ್ರಿಪ್ ಕಿತ್ತು ಹಾಕಿ, ವಾರ್ಡ್ ಬಾಯ್‌ಗೆ ಹೊಡೆದು, "ನನ್ನ ಬ್ಯಾಗ್ ಎಲ್ರೋ" ಅಂತ ಕೂಗಾಡಿದ್ದಕ್ಕೆ ಎರಡೂ ಕೈನ ಬ್ಯಾಂಡೇಜ್ ಬಟ್ಟೆಯಲ್ಲಿ ಮಂಚಕ್ಕೆ ಕಟ್ಟಿದಾರೆ. ನಿಮ್ಮನ್ನ ಗಂಡಸರ ವಾರ್ಡು ಅಂತ ಒಂಬತ್ತು ಗಂಟೆಗೇ ಆಚೆ ಕಳಿಸಿದಾರೆ. ಅದರ ಕೆಳಗೆ ರಘು, "ಮರೆವಿನ ಕಾಯಿಲೆ ಮುಂದಕ್ಕೆ ಹೋಗಿದೆ, ನಿದ್ದೆ ಇಂಜೆಕ್ಷನ್ ಕೊಡಿಸಿಬಿಡಿ" ಅಂತ ಹಾಕಿದಾನೆ. ರಘು, ಬೇಜಾರು ಮಾಡ್ಕೋಬೇಡ ಕಣೋ, ಅದು ಹಂಗಲ್ಲ.

ಮರೆವಿನ ಕಾಯಿಲೆ ಎರಡು ದಿನದಲ್ಲಿ ಇಷ್ಟು ಇಳಿಯಲ್ಲ. ಬೀಳೋ ಹಿಂದಿನ ದಿನ ತಾವೇ ಊಟ ಮಾಡಿ ತಟ್ಟೆ ಎತ್ತಿಟ್ಟ ಮನುಷ್ಯ ಅವರು. ಹಿಂಗೆ ದಿಢೀರನೆ ಬಂದು, ಹಗಲು ಸ್ವಲ್ಪ ತಿಳಿಯಾಗಿ, ಸಂಜೆ ಆದ ಮೇಲೆ ಜಾಸ್ತಿ ಆಗೋದಕ್ಕೆ ಡೆಲಿರಿಯಂ ಅಂತಾರೆ. ನಮ್ಮಜ್ಜಿ ಕಾಲದಲ್ಲಿ ಜ್ವರ ಏರಿ ಬಡಬಡಿಸಿದರೆ ಸನ್ನಿ ಅಂತಿದ್ರಲ್ಲ, ಅದೇ. ಮರೆವಿನ ಕಾಯಿಲೆ ಮೊದಲೇ ಇದ್ದೋರಿಗೆ ಆಪರೇಷನ್ ಆದ ಮೇಲೆ ಇದು ತುಂಬ ಬರುತ್ತೆ. ಅದಕ್ಕೆ ಕಾರಣ ಇರುತ್ತೆ, ಹುಡುಕಬೇಕು. ಮೂತ್ರದ ಇನ್ಫೆಕ್ಷನ್ ಇರಬಹುದು, ಸೋಡಿಯಂ ಕಮ್ಮಿ ಆಗಿರಬಹುದು, ಮೂರು ದಿನದಿಂದ ಮೋಷನ್ ಆಗದೇ ಇರಬಹುದು, ಹೊಸ ಮಾತ್ರೆ ಇರಬಹುದು. ಎಲ್ಲಕ್ಕಿಂತ ಮೊದಲು ನೋವು. ಸಿಸ್ಟರ್ "ನೋವಿದ್ರೆ ಹೇಳಿ, ಮಾತ್ರೆ ಕೊಡ್ತೀವಿ" ಅಂತಾರೆ. ಚಿಕ್ಕಪ್ಪಂಗೆ ಹೇಳೋಕೆ ಬರಲ್ಲ. ಮಗ್ಗುಲು ತಿರುಗಿಸುವಾಗ ಹುಬ್ಬು ಗಂಟಿಕ್ಕುತ್ತಾ, ಹಲ್ಲು ಕಚ್ಚುತ್ತಾರಾ ನೋಡಿ. ನೋವಿನ ಮಾತ್ರೆನ ಕೇಳಿದಾಗ ಮಾತ್ರ ಕೊಡೋ ಬದಲು ಹೊತ್ತೊತ್ತಿಗೆ ಕೊಡಬಹುದಾ ಅಂತ ಡಾಕ್ಟರ್ ಹತ್ರ ಕೇಳಿ.

ಇನ್ನು ಆ ಬ್ಯಾಗಿನ ಮಾತು. ಮೂವತ್ತು ವರ್ಷ ಕೆಎಸ್ಆರ್‌ಟಿಸಿ ಕಂಡಕ್ಟರ್ ಆಗಿದ್ದವರು. ಕಲೆಕ್ಷನ್ ದುಡ್ಡು ಡಿಪೋಗೆ ಕಟ್ಟೋ ತನಕ ಬ್ಯಾಗ್ ಹೆಗಲಿಂದ ಇಳಿಸ್ತಿರಲಿಲ್ಲ, ಕಮ್ಮಿ ಬಿದ್ದರೆ ತಮ್ಮ ಜೇಬಿಂದ ಹಾಕಬೇಕು ಅಂತ. ಕತ್ತಲಲ್ಲಿ ಗೊತ್ತಿಲ್ಲದ ಗಂಡಸು ಬಂದು ಸೊಂಟದ ಹತ್ರ ಕೈ ಹಾಕಿದರೆ ಅವರಿಗೆ ಅವನು ಪ್ಯಾಡ್ ಬದಲಾಯಿಸೋಕೆ ಬಂದ ವಾರ್ಡ್ ಬಾಯ್ ಅಲ್ಲ, ಬ್ಯಾಗಿಗೆ ಕೈ ಹಾಕಿದ ಕಳ್ಳ. ನಾನು ಹಂಗೇ ಅಂದ್ಕೊಂಡಿದೀನಿ. ಫೈಲಿನಲ್ಲಿ ಮಾತ್ರ "ರೋಗಿ ಹೊಡೀತಾರೆ" ಅಂತ ಒಂದು ಸಾಲು ಆಗಿಬಿಡುತ್ತೆ. ಆಮೇಲೆ ಬರೋ ಪ್ರತಿ ಶಿಫ್ಟ್‌ನವರೂ ಹೆದರಿಕೊಂಡೇ ಹತ್ರ ಹೋಗ್ತಾರೆ.

ಅಮ್ಮನದು ಇದಕ್ಕೆ ಉಲ್ಟಾ. 2019ರಲ್ಲಿ ನ್ಯುಮೋನಿಯಾ ಅಂತ ಹನ್ನೊಂದು ದಿನ ಇಟ್ಟಿದ್ವಲ್ಲ, ಅವಳು ಒಂದು ದಿನಾನೂ ಕೂಗಲಿಲ್ಲ. ಸಿಸ್ಟರ್ "ನಿಮ್ಮಮ್ಮ ತುಂಬ ಒಳ್ಳೆಯವರು, ತೊಂದರೆನೇ ಕೊಡಲ್ಲ" ಅಂತಿದ್ರು. ಎರಡು ದಿನ ಆಕೆ ತುತ್ತು ನುಂಗಿಲ್ಲ ಅಂತ ಯಾರೂ ನೋಡಿರಲಿಲ್ಲ, ತಟ್ಟೆ ಇಟ್ಟು ಹೋಗೋರು, ಹಂಗೇ ಎತ್ಕೊಂಡು ಹೋಗೋರು. ಅದೂ ಡೆಲಿರಿಯಮ್ಮೇ ಅಂತ ಆಮೇಲೆ ಗೊತ್ತಾಯ್ತು. ಸುಮ್ಮನೆ ಮಲಗಿರೋ ತರದ್ದು. ಗಲಾಟೆ ಮಾಡೋರನ್ನ ಕಟ್ಟಿ ಹಾಕ್ತಾರೆ, ಸುಮ್ಮನಿರೋರನ್ನ ಮರೆತೇ ಬಿಡ್ತಾರೆ.

ಒಂದು ವಿಷಯ ನಾನು ಇಲ್ಲಿವರೆಗೆ ಯಾರ ಹತ್ರಾನೂ ಹೇಳಿಲ್ಲ. ಸ್ಕ್ಯಾನಿಂಗಿಗೆ ಅಂತ ಅಮ್ಮನ ಬಳೆ, ಕರಿಮಣಿ ಎಲ್ಲ ತೆಗೆದು ಕವರಿಗೆ ಹಾಕಿ ನನ್ನ ಕೈಗೆ ಕೊಟ್ಟರು. ಬೆನ್ನ ಹಿಂದೆ ದಾರ ಕಟ್ಟೋ ಗೌನು ಹಾಕಿಸಿದ್ರು. ವಾಪಸ್ ಬಂದ ಮೇಲೆ ಅವಳು ಬೋಳು ಕೈ ನೋಡ್ಕೊಂಡಳು. ಎಡಗೈಯಿಂದ ಬಲಗೈ ಮಣಿಕಟ್ಟು ಸವರಿದಳು, ಕತ್ತು ಮುಟ್ಟಿ ನೋಡ್ಕೊಂಡಳು, ಆಮೇಲೆ ಸದ್ದಿಲ್ಲದೆ ಅಳೋಕೆ ಶುರು ಮಾಡಿದಳು. ಅಪ್ಪ ಪಕ್ಕದ ಸ್ಟೂಲ್ ಮೇಲೆ ಕೂತಿದ್ರು. ಅವರನ್ನೇ "ನೀವ್ಯಾರು, ನಮ್ಮ ಯಜಮಾನರು ಯಾವಾಗ ಹೋದ್ರು" ಅಂತ ಕೇಳಿದಳು. ಅಪ್ಪ ಎದ್ದು ವರಾಂಡಕ್ಕೆ ಹೋಗಿಬಿಟ್ಟರು. ನಾನು ಕೆಳಗೆ ಅಂಗಡಿಗೆ ಓಡಿ ಒಂದು ಡಜನ್ ಹಸಿರು ಗಾಜಿನ ಬಳೆ ತಂದು, ಸೂಜಿ ಇಲ್ಲದ ಕೈಗೆ ಆರು ಹಾಕಿದೆ. ಆವತ್ತು ಸಂಜೆ ಮೊದಲ ಸಲ ಗಂಜಿ ಕುಡಿದಳು.

ಅದಕ್ಕೇ ಹೇಳ್ತಿರೋದು ಚಿಕ್ಕಮ್ಮ, ಅವರನ್ನ ಬಲ್ಲೋರು ಒಬ್ಬರು ಹಗಲು ರಾತ್ರಿ ಹತ್ರ ಇರಲೇಬೇಕು. ಆಸ್ಪತ್ರೆಯೋರಿಗೆ ಬ್ಯಾಗಿನ ಕಥೆ ಹೆಂಗೆ ಗೊತ್ತಾಗಬೇಕು? ಅಮ್ಮನ ವಾರ್ಡಿನಲ್ಲಿ ಕೂತ್ಕೊಂಡೇ ಫೋನಿನಲ್ಲಿ ಓದಿದ್ದೆ. ಇಂಗ್ಲೆಂಡಿನಲ್ಲಿ ಜಾನ್ ಜೆರಾರ್ಡ್ ಅಂತ ಒಬ್ಬ ಡಾಕ್ಟರು, ಅವರಿಗೂ ಮರೆವಿನ ಕಾಯಿಲೆ. 2014ರಲ್ಲಿ ಕಾಲಿನ ಹುಣ್ಣಿಗೆ ಅಂತ ಸೇರಿಸಿದ್ರು, ಮನೆಯವರನ್ನ ಸರಿಯಾಗಿ ಹತ್ರ ಬಿಡ್ತಿರಲಿಲ್ಲ. ಐದು ವಾರ ಆದ ಮೇಲೆ ಮನೆಗೆ ಬಂದಾಗ ಆಳೇ ಬೇರೆ ಆಗಿದ್ರು, ಅದೇ ನವೆಂಬರಿನಲ್ಲಿ ತೀರಿಕೊಂಡರು. ಅವರ ಮಗಳು ನಿಕ್ಕಿ ಜೆರಾರ್ಡ್, ಸ್ನೇಹಿತೆ ಜೂಲಿಯಾ ಜೋನ್ಸ್ ಜೊತೆ ಸೇರಿ, ಇಂಥವರ ಜೊತೆ ಮನೆಯವರು ಇರೋಕೆ ಬಿಡಿ ಅಂತ ಚಳವಳಿನೇ ಮಾಡಿದ್ರು. ಅಲ್ಲಿ ಎಷ್ಟೋ ಆಸ್ಪತ್ರೆಗಳು ಒಪ್ಕೊಂಡಿವೆ. ಬೆಳಿಗ್ಗೆ ಮೆಡಿಕಲ್ ಸೂಪರಿಂಟೆಂಡೆಂಟ್ ಹತ್ರ ಹೋಗಿ, ಮಂಚಕ್ಕೆ ಪರದೆ ಹಾಕಿಸಿ ಹೆಂಡತಿಗೆ ಇರೋಕೆ ಅನುಮತಿ ಕೊಡಿ ಅಂತ ಅರ್ಜಿ ಬರೆದು ಕೊಡೋಣ.

ಒಪ್ಪದೇ ಇದ್ದರೆ ನಮ್ಮ ಮನೆ ಗಂಡಸರು ರಾತ್ರಿ ಪಾಳಿ ಹಾಕ್ಕೋಬೇಕು. ಪ್ರಕಾಶಣ್ಣ, ರಘು, ನೇರವಾಗಿ ಕೇಳ್ತಿದೀನಿ. ಹಣ್ಣು ತಂದು ಅರ್ಧ ಗಂಟೆ ನಿಂತು ಹೋಗೋದು ಬೇಡ. ದುಡ್ಡು ಕೊಟ್ಟು ಅಟೆಂಡರ್ ಇಡೋಣ ಅನ್ನಬೇಡಿ, ಚಿಕ್ಕಪ್ಪಂಗೆ ಅದು ಇನ್ನೊಂದು ಗೊತ್ತಿಲ್ಲದ ಮುಖ ಅಷ್ಟೆ. ರಘು, ನಿನ್ನನ್ನ ಅವರು ಎತ್ತಿ ಆಡಿಸಿದಾರೆ, ನಿನ್ನ ದನಿ ಗೊತ್ತು. ಪಕ್ಕದಲ್ಲಿ ಕೂತು ಕೈ ಹಿಡ್ಕೊಂಡಿದ್ದರೆ ಕಟ್ಟು ಬಿಚ್ಚಿ ಅಂತ ಕೇಳೋಕೆ ನಮಗೂ ಬಾಯಿ ಇರುತ್ತೆ.

ನಿದ್ದೆ ಇಂಜೆಕ್ಷನ್ ನಾವಾಗಿ ಕೇಳೋದು ಬೇಡ. ಮಂಪರಿನಲ್ಲಿ ನೀರು ಕುಡಿಸಿದರೆ ಶ್ವಾಸಕೋಶಕ್ಕೆ ಹೋಗಬಹುದು, ಎದ್ದರೆ ಮತ್ತೆ ಬೀಳಬಹುದು. ಮರೆವಿನ ಕಾಯಿಲೆಯಲ್ಲೂ ಬೇರೆ ಬೇರೆ ಬಗೆ ಇವೆ, ಲೂಯಿ ಬಾಡಿ ಅನ್ನೋ ಬಗೆಯವರಿಗೆ ಗಲಾಟೆ ತಣಿಸೋಕೆ ಕೊಡೋ ಹಾಲೊಪೆರಿಡಾಲ್‌ನಂಥ ಔಷಧಿ ಅಪಾಯ. ನಿಮ್ಹಾನ್ಸ್ ಫೈಲು ಬೀರುವಿನಲ್ಲಿದ್ರೆ ತಂದು ಡ್ಯೂಟಿ ಡಾಕ್ಟರಿಗೆ ತೋರಿಸಿ, ಕೊಡಲೇಬೇಕು ಅಂದ್ರೆ ಅವರೇ ನೋಡಿ ತೀರ್ಮಾನ ಮಾಡ್ತಾರೆ.

ಆಮೇಲೆ, "ನಮ್ಮ ವಂಶದಲ್ಲೇ ಯಾರಿಗೂ ಇಲ್ಲ" ಅಂತ ಯಾರೋ ಬರೆದಿದ್ರಿ. ದೇಶದಲ್ಲಿ 60 ದಾಟಿದೋರಲ್ಲಿ ಶೇಕಡ 7.4 ಜನಕ್ಕೆ, ಹತ್ರಹತ್ರ 88 ಲಕ್ಷ ಮಂದಿಗೆ ಮರೆವಿನ ಕಾಯಿಲೆ ಇದೆ ಅಂತ ಅಂದಾಜು ಮಾಡಿದಾರೆ. ಮುಚ್ಚಿಡೋ ವಿಷಯ ಅಲ್ಲ.

ಚಿಕ್ಕಮ್ಮ, ಅವರ ಕನ್ನಡಕ, ಕಿವಿ ಮೆಷಿನ್ ಮನೆಯಲ್ಲೇ ಇದ್ರೆ ರಘು ಕೈಲಿ ಈಗಲೇ ಕಳಿಸಿ, ಎದುರಿಗಿರೋದು ಯಾರು ಅಂತ ಕಾಣಿಸಲಿ ಅವರಿಗೆ. ಅಟ್ಟದ ಮೇಲಿರೋ ಆ ಹಳೇ ಚರ್ಮದ ಬ್ಯಾಗ್ ಒರೆಸಿ ಜೊತೆಗೆ ಕೊಡಿ, ಮಗ್ಗುಲಲ್ಲಿ ಇಟ್ಕೊಳ್ಳಲಿ. ನಾನು ಬೆಳಿಗ್ಗೆ ಐದೂವರೆ ಬಸ್ಸು ಹತ್ತುತ್ತೀನಿ.