ಪ್ರಶ್ನೋತ್ತರ: ಸಹಿ ಹಾಕಿದ ಮೇಲೂ ಆಡದೆ ಕೂರುವುದು ಸರಿಯಾ?

ಪ್ರಶ್ನೆ (ಡಲ್ಲಾಸ್ ಹತ್ತಿರದ ಫ್ರಿಸ್ಕೊದಿಂದ)

ನಮಸ್ಕಾರ ಮೇಡಂ. ನೀವು ನೌಕರಿ ಕರಾರುಗಳ ವಕೀಲರು, ಆಟಗಾರರ ಕಾಗದಪತ್ರವನ್ನೂ ನೋಡುತ್ತೀರಿ ಅಂತ ಈ ಗುಂಪಿನಲ್ಲಿ ಯಾರೋ ಹೇಳಿದರು. ನಮ್ಮ ಮನೆಯ ಒಂದು ಜಗಳ ತೀರಿಸಿಕೊಡಿ. ನನ್ನ ಮಗನಿಗೆ ನಮ್ಮೂರ ಅಮೆರಿಕನ್ ಫುಟ್‌ಬಾಲ್ ತಂಡ ಡಲ್ಲಾಸ್ ಕೌಬಾಯ್ಸ್ ಹುಚ್ಚು. 2025ರ ಆಗಸ್ಟ್‌ನಲ್ಲಿ ಅದರ ಆಟಗಾರ ಮೈಕಾ ಪಾರ್ಸನ್ಸ್ ಸಂಬಳದ ತಕರಾರಿಗೆ ಪ್ರಾಕ್ಟೀಸ್ ಮಾಡದೆ ಕೂತ. ಕೊನೆಗೆ ತಂಡ ಅವನನ್ನು ಗ್ರೀನ್ ಬೇ ತಂಡಕ್ಕೆ ಕೊಟ್ಟುಬಿಟ್ಟಿತು. ಮಗ ಇವತ್ತಿಗೂ ಓನರ್‌ಗೆ ಬೈಯುತ್ತಾನೆ. ನನಗೆ ಅನ್ನಿಸೋದು ಬೇರೆ. ಆ ವರ್ಷಕ್ಕೆ 2.4 ಕೋಟಿ ಡಾಲರ್ ಬರುತ್ತಿತ್ತು, ಕರಾರು ಮುಗಿದಿರಲಿಲ್ಲ. ಮಾತು ಕೊಟ್ಟ ಮೇಲೆ ಆಡಬೇಕು ಅಲ್ವಾ? ನಾನು ಹೀಗೆ ಲ್ಯಾಪ್‌ಟಾಪ್ ಮುಚ್ಚಿ ಕೂತರೆ ನಮ್ಮ ಮ್ಯಾನೇಜರ್ ಬಿಡುತ್ತಾರಾ? ಇನ್ನೊಂದು, ಈ ‘ಗ್ಯಾರಂಟಿ ಹಣ’ ಅಂದರೇನು? ಸಂಬಳಕ್ಕೆ ಬೇರೆ ಗ್ಯಾರಂಟಿ ಯಾಕೆ?

ಉತ್ತರ

ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮೊದಲನೆಯದಕ್ಕೆ ಉತ್ತರ ಅದರೊಳಗೇ ಇದೆ.

ಎನ್‌ಎಫ್‌ಎಲ್‌ನಲ್ಲಿ (ಅಂದರೆ ಈ ಅಮೆರಿಕನ್ ಫುಟ್‌ಬಾಲ್ ಲೀಗಿನಲ್ಲಿ) ಐದು ವರ್ಷದ ಕರಾರು ಅಂದರೆ ಆಟಗಾರನಿಗೆ ಐದು ವರ್ಷ. ತಂಡಕ್ಕೆ ಹಾಗಲ್ಲ. ಎರಡನೇ ವರ್ಷಕ್ಕೇ ಬೇಡ ಅನ್ನಿಸಿದರೆ ಅದು ‘ಕಟ್’ ಮಾಡಬಹುದು. ಉಳಿದ ವರ್ಷಗಳ ಸಂಬಳಕ್ಕೆ ಗ್ಯಾರಂಟಿ ಅಂತ ಬರೆದಿರದಿದ್ದರೆ ಅದು ಅಲ್ಲಿಗೇ ಮುಗಿಯಿತು. ಸುದ್ದಿಯ ತಲೆಬರಹದಲ್ಲಿ ಕಾಣುವ ಮೊತ್ತದಲ್ಲಿ ದೊಡ್ಡ ಪಾಲು ಎಷ್ಟೋ ಸಲ ಕನ್ನಡಿಯೊಳಗಿನ ಗಂಟು.

ಗ್ಯಾರಂಟಿಯಲ್ಲೂ ಮೂರು ಬಗೆ ಇದೆ. ಗಾಯವಾದರೆ ಕೊಡುವುದು ಒಂದು. ಆಟ ಸಾಲದು ಅಂತ ತೆಗೆದರೂ ಕೊಡುವುದು ಇನ್ನೊಂದು. ಸ್ಯಾಲರಿ ಕ್ಯಾಪ್‌ನಲ್ಲಿ (ತಂಡದ ಒಟ್ಟು ಸಂಬಳದ ಮಿತಿಯಲ್ಲಿ) ಜಾಗ ಮಾಡಿಕೊಳ್ಳಲು ತೆಗೆದರೂ ಕೊಡುವುದು ಮೂರನೆಯದು. ಮೂರೂ ಇದ್ದರೆ ಮಾತ್ರ ‘ಪೂರ್ತಿ ಗ್ಯಾರಂಟಿ’. ಗಾಯಕ್ಕೆ ಮಾತ್ರ ಗ್ಯಾರಂಟಿ ಕೊಟ್ಟು ಅದನ್ನೂ ಒಟ್ಟು ಲೆಕ್ಕದಲ್ಲಿ ಸೇರಿಸಿ ಹೇಳುವುದು ಈ ವ್ಯಾಪಾರದ ಹಳೆಯ ಚಾಲಾಕಿ. ನನ್ನ ಮುಂದೆ ಇಂಥ ಕರಾರು ಬಂದರೆ ನಾನು ಮೊದಲು ನೋಡುವುದು ಎರಡೇ: ಸಹಿ ಹಾಕಿದ ದಿನ ಎಷ್ಟು ಗ್ಯಾರಂಟಿ, ಉಳಿದದ್ದು ಯಾವ ತಾರೀಕಿಗೆ ಗ್ಯಾರಂಟಿ ಆಗುತ್ತದೆ.

ಈಗ ನಿಮ್ಮ ಮ್ಯಾನೇಜರ್ ವಿಷಯ. ಟೆಕ್ಸಸ್‌ನಲ್ಲಿ ಕಂಪನಿ ನಿಮ್ಮನ್ನು ನಾಳೆಯೇ ಮನೆಗೆ ಕಳಿಸಬಹುದು, ನಿಜ. ನೀವೂ ನಾಳೆಯೇ ರಾಜೀನಾಮೆ ಕೊಟ್ಟು ಎದುರು ಕಟ್ಟಡದ ಕಂಪನಿ ಸೇರಬಹುದು. (ವೀಸಾ ತಲೆನೋವು ಬೇರೆ ಮಾತು ಬಿಡಿ.) ಪಾರ್ಸನ್ಸ್‌ಗೆ ಆ ಬಾಗಿಲೇ ಇಲ್ಲ. 2021ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪದ್ಧತಿ) 12ನೆಯವನಾಗಿ ಅವನನ್ನು ಆರಿಸಿಕೊಂಡದ್ದು ತಂಡ, ಅವನು ತಂಡವನ್ನು ಆರಿಸಿಕೊಳ್ಳಲಿಲ್ಲ. ಮೊದಲ ನಾಲ್ಕು ವರ್ಷದ ಸಂಬಳ, ಸುಮಾರು 1.7 ಕೋಟಿ ಡಾಲರ್, ಡ್ರಾಫ್ಟ್‌ನ ಸ್ಥಾನ ನೋಡಿ ಹೆಚ್ಚುಕಮ್ಮಿ ಮೊದಲೇ ಗೊತ್ತಾಗಿಬಿಡುತ್ತದೆ. ನೀವು ಹೇಳಿದ 2.4 ಕೋಟಿಯ ಐದನೇ ವರ್ಷ ಇದೆಯಲ್ಲ, ಅದು ತಂಡ ಒಂದೇ ಕೈಯಲ್ಲಿ ಚಲಾಯಿಸುವ ಹಕ್ಕು. ಅಷ್ಟಾದ ಮೇಲೂ ಫ್ರಾಂಚೈಸ್ ಟ್ಯಾಗ್ ಅಂತ ಹಾಕಿ ಇನ್ನೊಂದು ವರ್ಷ ಹಿಡಿದಿಡಬಹುದು. ಹಾಗಾಗಿ ‘ಮಾತು ಕೊಟ್ಟಿದ್ದ’ ಅನ್ನುವ ಮಾತು ಇಲ್ಲಿ ಪೂರ್ತಿ ನಿಲ್ಲುವುದಿಲ್ಲ.

ಇನ್ನು, ಅವನು ಮಾಡಿದ್ದು ನಿಜವಾದ ಹೋಲ್ಡ್‌ಔಟ್ (ಕ್ಯಾಂಪಿಗೇ ಬಾರದೆ ದೂರ ಉಳಿಯುವುದು) ಅಲ್ಲ. ತರಬೇತಿ ಕ್ಯಾಂಪಿಗೆ ಬಂದ, ಮೀಟಿಂಗಿನಲ್ಲಿ ಕೂತ, ಬೆನ್ನು ಹಿಡಿದಿದೆ ಅಂದ. ಇದಕ್ಕೆ ‘ಹೋಲ್ಡ್-ಇನ್’ ಅನ್ನುತ್ತಾರೆ. 2021ರಲ್ಲಿ ಪಿಟ್ಸ್‌ಬರ್ಗ್‌ನ ಟಿ.ಜೆ. ವಾಟ್ ಹೀಗೇ ಕ್ಯಾಂಪಿನಲ್ಲಿದ್ದುಕೊಂಡೇ ತಂಡದ ಪ್ರಾಕ್ಟೀಸ್‌ಗೆ ಇಳಿಯದೆ 11.2 ಕೋಟಿ ಡಾಲರ್ ಕರಾರು ಪಡೆದ. ಅದರಲ್ಲಿ 8 ಕೋಟಿ ಪೂರ್ತಿ ಗ್ಯಾರಂಟಿ.

ಗ್ರೀನ್ ಬೇ ಪಾರ್ಸನ್ಸ್‌ಗೆ ಕೊಟ್ಟದ್ದು ನಾಲ್ಕು ವರ್ಷಕ್ಕೆ 18.8 ಕೋಟಿ, ಸಹಿಯ ದಿನವೇ 12 ಕೋಟಿ ಗ್ಯಾರಂಟಿ. ಆ ಡಿಸೆಂಬರ್‌ನಲ್ಲಿ ಡೆನ್ವರ್ ಮೇಲೆ ಆಡುವಾಗ ಅವನ ಮಂಡಿಯ ಎಸಿಎಲ್ ಅನ್ನುವ ಅಸ್ಥಿಬಂಧ ಹರಿಯಿತು. ಹೊಸ ಕರಾರಿಲ್ಲದೆ ಅದೇ ಐದನೇ ವರ್ಷದ ಸಂಬಳಕ್ಕೆ ಆಡುತ್ತಿದ್ದರೆ? ಆ ವರ್ಷದ ಹಣ ಸಿಗುತ್ತಿತ್ತು. ಮುಂದಿನ ಮಾತುಕತೆಗೆ ಮಾತ್ರ ಕುಂಟುತ್ತಾ ಹೋಗಬೇಕಿತ್ತು. ಗಾಳಿ ಬಂದಾಗ ತೂರಿಕೊಂಡ, ಅಷ್ಟೇ. ಈ ಜಗಳದಲ್ಲಿ ನಾನು ನಿಮ್ಮ ಮಗನ ಕಡೆ.

ಹಾಗಂತ ಎಲ್ಲರ ಪರವಾಗಿ ವಾದಿಸಲ್ಲ. 2024ರಲ್ಲಿ ಹಸಾನ್ ರೆಡಿಕ್ ಜೆಟ್ಸ್ ತಂಡಕ್ಕೆ ಬಂದಾಗ ತನ್ನ ಕರಾರಿನಲ್ಲಿ ಎಷ್ಟು ಉಳಿದಿದೆ ಅಂತ ಗೊತ್ತಿದ್ದೇ ಬಂದ. ಆಮೇಲೆ ಮೊದಲ ಏಳು ಪಂದ್ಯ ಆಡಲಿಲ್ಲ. ಅಲ್ಲಿ ನನಗೆ ತಂಡದ ಸಿಟ್ಟೇ ಅರ್ಥವಾಗುತ್ತದೆ.

ಮರುಪ್ರಶ್ನೆ (ನ್ಯೂಜೆರ್ಸಿಯಿಂದ)

ಅಕ್ಕ, ಹಾಗಾದರೆ ಯಾಕೆ ಎಲ್ಲರೂ ಕೂರಲ್ಲ? ದಂಡ ಇದೆಯಾ? ಲೆವಿಯಾನ್ ಬೆಲ್ ಇಡೀ ವರ್ಷ ಕೂತಿದ್ದನಲ್ಲ?

ಉತ್ತರ

ದಂಡ ಇದೆ, ಚೆನ್ನಾಗೇ ಇದೆ. ಲೀಗ್ ಮತ್ತು ಆಟಗಾರರ ಯೂನಿಯನ್ ನಡುವಿನ 2020ರ ಒಪ್ಪಂದದ ಪ್ರಕಾರ ಕ್ಯಾಂಪಿಗೆ ಬಾರದ ಹಿರಿಯ ಆಟಗಾರನಿಗೆ ದಿನಕ್ಕೆ 50,000 ಡಾಲರ್. ಮೊದಲೆಲ್ಲ ರಾಜಿ ಆದಮೇಲೆ ತಂಡ ಅದನ್ನು ಮನ್ನಾ ಮಾಡುತ್ತಿತ್ತು, ಈಗ ಹಾಗೆ ಮಾಡುವಂತಿಲ್ಲ. ಜೊತೆಗೆ ಸೈನಿಂಗ್ ಬೋನಸ್‌ನಲ್ಲೂ ಒಂದು ಪಾಲು ವಾಪಸ್ ಕೇಳಬಹುದು. ಹೋಲ್ಡ್-ಇನ್ ಹುಟ್ಟಿದ್ದೇ ಇದರಿಂದ. ದೇಹ ಕ್ಯಾಂಪಿನಲ್ಲಿ, ದಂಡ ಸೊನ್ನೆ.

ಬೆಲ್ ಕಥೆ ಸ್ವಲ್ಪ ಬೇರೆ. 2018ರಲ್ಲಿ ಪಿಟ್ಸ್‌ಬರ್ಗ್ ಅವನಿಗೆ ಟ್ಯಾಗ್ ಹಾಕಿತು, ಒಂದು ವರ್ಷಕ್ಕೆ 1.45 ಕೋಟಿ. ಅವನು ಅದಕ್ಕೆ ಸಹಿಯನ್ನೇ ಹಾಕಲಿಲ್ಲ. ಸಹಿ ಇಲ್ಲ ಅಂದಮೇಲೆ ಕರಾರಿಲ್ಲ, ದಂಡವೂ ಇಲ್ಲ. ಸಂಬಳವಂತೂ ಇಲ್ಲವೇ ಇಲ್ಲ. ಅವನ ಜಾಗದಲ್ಲಿ ಆಡಿದ ಜೇಮ್ಸ್ ಕಾನರ್ ಲೀಗಿನ ತಾರೆಯರ ಪಂದ್ಯ ಪ್ರೋ ಬೌಲ್‌ಗೆ ಹೋದ. ಮರುವರ್ಷ ಬೆಲ್ ಜೆಟ್ಸ್ ಜೊತೆ ನಾಲ್ಕು ವರ್ಷಕ್ಕೆ 5.25 ಕೋಟಿಗೆ ಸಹಿ ಹಾಕಿದ. 2020ರ ಅಕ್ಟೋಬರ್‌ನಲ್ಲಿ ಅವರು ಕಟ್ ಮಾಡಿದರು. ಕೈಯಲ್ಲಿ ಉಳಿದದ್ದು ಗ್ಯಾರಂಟಿ ಭಾಗವೇ. ಬಿಟ್ಟುಕೊಟ್ಟ 1.45 ಕೋಟಿಗೆ ಅದು ಸರಿಹೋಯಿತಾ ಅಂದರೆ, ನನ್ನ ಕಕ್ಷಿದಾರನಾಗಿದ್ದರೆ ಟ್ಯಾಗ್‌ಗೆ ಸಹಿ ಹಾಕು ಅನ್ನುತ್ತಿದ್ದೆ. ಸಹಿ ಹಾಕಿದ ಕ್ಷಣದಿಂದ ಆ ಮೊತ್ತ ಪೂರ್ತಿ ಗ್ಯಾರಂಟಿ.

ಕೂತು ಗೆದ್ದವರೂ ಇದ್ದಾರೆ. ಫ್ರಿಸ್ಕೊದವರ ಮಗನಿಗೆ ಇದನ್ನು ಹೇಳಿ. 1993ರಲ್ಲಿ ಎಮಿಟ್ ಸ್ಮಿತ್ ಇಲ್ಲದೆ ಕೌಬಾಯ್ಸ್ ಮೊದಲ ಎರಡೂ ಪಂದ್ಯ ಸೋತಿತು. ಓನರ್ ನಾಲ್ಕು ವರ್ಷಕ್ಕೆ 1.36 ಕೋಟಿ ಕೊಟ್ಟು ಕರೆದರು. ಆ ವರ್ಷ ಅವನೇ ಲೀಗಿನ ಎಂವಿಪಿ (ಅತ್ಯಮೂಲ್ಯ ಆಟಗಾರ), ಫೈನಲ್ ಆದ ಸೂಪರ್ ಬೌಲ್‌ನಲ್ಲೂ ಎಂವಿಪಿ. ಓನರ್ ಅವತ್ತೂ ಜೆರಿ ಜೋನ್ಸ್, ಇವತ್ತೂ ಜೆರಿ ಜೋನ್ಸ್.

ಮರುಪ್ರಶ್ನೆ (ಅದೇ ನ್ಯೂಜೆರ್ಸಿಯವರು)

ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನವರಿಗೆ ಸಾಮಾನ್ಯವಾಗಿ ಪೂರ್ತಿ ಗ್ಯಾರಂಟಿ ಸಿಗುತ್ತದಲ್ಲ. ಇವರಿಗೇನು?

ಉತ್ತರ

ಎನ್‌ಎಫ್‌ಎಲ್‌ನಲ್ಲೂ ಪೂರ್ತಿ ಗ್ಯಾರಂಟಿ ಕೊಡಬಾರದು ಅಂತ ನಿಯಮ ಇಲ್ಲ. 2018ರಲ್ಲಿ ಕರ್ಕ್ ಕಸಿನ್ಸ್ ಮೂರು ವರ್ಷಕ್ಕೆ 8.4 ಕೋಟಿ ಪೂರ್ತಿ ಗ್ಯಾರಂಟಿ ಪಡೆದ. 2022ರಲ್ಲಿ ಡಿಶಾನ್ ವಾಟ್ಸನ್‌ಗೆ ಕ್ಲೀವ್‌ಲ್ಯಾಂಡ್ ಐದು ವರ್ಷಕ್ಕೆ 23 ಕೋಟಿ ಪೂರ್ತಿ ಗ್ಯಾರಂಟಿ ಕೊಟ್ಟಿತು. ಆ ಕರಾರು ಉಳಿದ ಓನರ್‌ಗಳ ನಿದ್ದೆ ಕೆಡಿಸಿತು. ಗ್ಯಾರಂಟಿ ಕಡಿಮೆ ಮಾಡಿ ಅಂತ ಲೀಗ್ ತಂಡಗಳನ್ನು ಹುರಿದುಂಬಿಸಿತ್ತು ಎಂದು 2025ರ ಜನವರಿಯಲ್ಲಿ ಪಂಚಾಯ್ತಿದಾರರೊಬ್ಬರು ತೀರ್ಪಿನಲ್ಲಿ ಬರೆದರು. ಆದರೆ ತಂಡಗಳು ಸೇರಿ ಒಳಸಂಚು ಮಾಡಿದ್ದಕ್ಕೆ ಪುರಾವೆ ಸಾಲದು ಅಂದರು. ತೀರ್ಪು ಹೊರಗೆ ಬಂದದ್ದು ಜೂನ್‌ನಲ್ಲಿ.

ಓನರ್‌ಗಳು ಕೊಡುವ ಇನ್ನೊಂದು ನೆಪ, ಮುಂದಿನ ವರ್ಷಗಳ ಗ್ಯಾರಂಟಿ ಹಣವನ್ನು ಈಗಲೇ ಠೇವಣಿ ಇಡಬೇಕು ಅನ್ನುವ ನಿಯಮ. ಕೆಲವು ಓನರ್‌ಗಳ ಕೈಯಲ್ಲಿ ನಗದು ಓಡಾಡದ ಕಾಲದ ನಿಯಮ ಅದು. ಈಗಿನ ಟಿವಿ ಹಣದ ಮುಂದೆ ಅದು ನೆಪವೇ.

ಮರುಪ್ರಶ್ನೆ (ಬೆಂಗಳೂರಿನಿಂದ)

ಮೇಡಂ, ಕಾಲಲ್ಲಿ ಆಡುವ ನಮ್ಮ ಫುಟ್‌ಬಾಲ್‌ನಲ್ಲಿ?

ಉತ್ತರ

ಅಲ್ಲಿ ಫಿಫಾ ನಿಯಮ ಆಟಗಾರನ ಕಡೆ ವಾಲಿದೆ. ಸರಿಯಾದ ಕಾರಣವಿಲ್ಲದೆ ಕ್ಲಬ್ ಕರಾರು ಮುರಿಯುವಂತಿಲ್ಲ. ಎರಡು ತಿಂಗಳ ಸಂಬಳ ಬಾಕಿ ಉಳಿದರೆ ನೋಟಿಸ್ ಕೊಟ್ಟು 15 ದಿನ ಕಾದು ಆಟಗಾರ ಹೊರಬರಬಹುದು. ಆದರೆ ನಿಯಮವೇ ಹಣ ತಂದು ಕೊಡಲ್ಲ. 2025ರಲ್ಲಿ ಐಎಸ್‌ಎಲ್ ನಿಂತಾಗ ಬೆಂಗಳೂರು ಎಫ್‌ಸಿ ಮೊದಲ ತಂಡದ ಸಂಬಳವನ್ನೇ ತಡೆಹಿಡಿದದ್ದು ನಿಮಗೆ ನೆನಪಿರಬಹುದು.

ಮೊದಲ ಪ್ರಶ್ನೆ ಕೇಳಿದವರು

ಸರಿ ಮೇಡಂ, ಸೋತೆ. ಆದರೂ ಇದೆಲ್ಲ ಕೋಟಿ ಕೋಟಿ ಇರುವವರ ಜಗಳ ತಾನೆ?

ಉತ್ತರ

ಆ ಮಾತು ನಿಜ. ತಂಡದ 53 ಜನರಲ್ಲಿ ಕೂತು ಗೆಲ್ಲುವ ತಾಕತ್ತು ನಾಲ್ಕೈದು ಜನಕ್ಕಿದ್ದರೆ ಹೆಚ್ಚು. ಮಿಕ್ಕವರು ಕೂತರೆ ಮರುದಿನವೇ ಬೇರೆಯವನು ಬರುತ್ತಾನೆ. ನನ್ನ ಹೊಟ್ಟೆ ಉರಿಯುವುದು ಅವರ ಕರಾರು ನೋಡಿದಾಗ. ಬಫಲೋದ ಡಮಾರ್ ಹ್ಯಾಮ್ಲಿನ್ 2023ರ ಜನವರಿ 2ರಂದು ಸಿನ್ಸಿನಾಟಿಯಲ್ಲಿ ಹೃದಯ ನಿಂತು ಬಿದ್ದನಲ್ಲ, ಅವನು ಆರನೇ ಸುತ್ತಿನಲ್ಲಿ ಬಂದ ಹುಡುಗ. ಗಾಯಾಳುಗಳ ಪಟ್ಟಿಗೆ ಹೋದರೆ ಸಂಬಳ ವರ್ಷಕ್ಕೆ 8,25,000 ಡಾಲರ್ ದರದಿಂದ 4,55,000ಕ್ಕೆ ಇಳಿಯಬೇಕು ಅಂತ ಅವನ ಕರಾರಿನಲ್ಲಿ ಒಂದು ಸಾಲಿತ್ತು. ಇಡೀ ದೇಶ ಟಿವಿಯಲ್ಲಿ ನೋಡಿತ್ತು. ತಂಡ, ಲೀಗ್, ಯೂನಿಯನ್ ಕೂತು ಮಾತಾಡಿ ಪೂರ್ತಿ ಸಂಬಳ ಕೊಟ್ಟವು. ಆ ಸಾಲನ್ನು ಮಾತ್ರ ಕರಾರುಗಳಿಂದ ತೆಗೆದುಹಾಕಲಿಲ್ಲ.