ಪಿಂಗ್ ಹೋಗ್ತಿದೆ, ಆದ್ರೆ ಓಎಸ್‌ಪಿಎಫ್ ನೈಬರ್ ಫುಲ್ ಆಗ್ತಿಲ್ಲ, ಯಾಕೆ?

ಪ್ರಶ್ನೆ (ಚಿಂತಾಮಣಿಯಿಂದ):
ಸಾರ್ ನಮಸ್ತೆ, ನಮ್ದು ಚಿಕ್ಕ ಇಂಟರ್ನೆಟ್ ಸರ್ವಿಸ್ಸು, ಚಿಂತಾಮಣೀಲಿ ಒಂದು ಮೈಕ್ರೋಟಿಕ್ ರೂಟರ್, ಶಿಡ್ಲಘಟ್ಟದಲ್ಲಿ ಒಂದು, ಮಧ್ಯೆ ಬೇರೆಯವ್ರ ಫೈಬರಲ್ಲಿ ಲೇಯರ್ 2 ಲಿಂಕ್ (ಎರಡೂ ಕಡೆ ಒಂದೇ ಕೇಬಲಲ್ಲಿ ಇದ್ದಂಗೆ) ಬಾಡಿಗೆಗೆ ತಗೊಂಡಿದೀವಿ. ಪಿಂಗ್ ಚೆನ್ನಾಗಿ ಹೋಗುತ್ತೆ, ವಿನ್‌ಬಾಕ್ಸ್ (ಮೈಕ್ರೋಟಿಕ್ ಸೆಟ್ಟಿಂಗ್ ನೋಡೋ ಸಾಫ್ಟ್‌ವೇರ್) ನೈಬರ್ಸ್ ಲಿಸ್ಟಲ್ಲೂ ಆ ಕಡೆ ರೂಟರ್ ಕಾಣ್ಸುತ್ತೆ, ರೂಟರ್‌ಗಳು ರೂಟ್ ಹಂಚ್ಕೊಳ್ಳೋ ಪ್ರೋಟೋಕಾಲ್ ಓಎಸ್‌ಪಿಎಫ್ ಮಾತ್ರ ಫುಲ್ (ಪೂರ್ತಿ ಜೋಡಣೆ) ಆಗದೆ ಎಕ್ಸ್‌ಸ್ಟಾರ್ಟ್ ಅನ್ನೋ ಮಧ್ಯದ ಹಂತ ತೋರಿಸಿ ಅಲ್ಲೇ ನಿಂತ್ಬಿಡುತ್ತೆ, ಒಂದು ರೂಟೂ ಬರಲ್ಲ. ಲಿಂಕ್ ಕೊಟ್ಟೋರನ್ನ ಕೇಳಿದ್ರೆ ನಮ್ ಕಡೆ ಎಲ್ಲಾ ಸರಿ ಇದೆ ಅಂತಾರೆ.

ಉತ್ತರ (ನೆಟ್‌ವರ್ಕ್ ಇಂಜಿನಿಯರ್):
ಮೊದ್ಲು ಆ ವಿನ್‌ಬಾಕ್ಸ್ ಲಿಸ್ಟ್ ಮರ್ತುಬಿಡಿ. ಅದು ಎಂಎನ್‌ಡಿಪಿ, ಸಿಡಿಪಿ, ಎಲ್‌ಎಲ್‌ಡಿಪಿ ಅನ್ನೋ ಡಿಸ್ಕವರಿ ಪ್ರೋಟೋಕಾಲ್‌ಗಳ ಕೆಲ್ಸ, ಪಕ್ಕದಲ್ಲಿ ಯಾವ ಡಬ್ಬ ಇದೆ ಅಂತ ಹೇಳುತ್ತೆ ಅಷ್ಟೇ, ರೂಟಿಂಗ್‌ಗೂ ಅದಕ್ಕೂ ಸಂಬಂಧ ಇಲ್ಲ.

ಓಎಸ್‌ಪಿಎಫ್ ತನ್ನ ನೈಬರನ್ನ ತಾನೇ ಹುಡುಕುತ್ತೆ. 10 ಸೆಕೆಂಡಿಗೊಂದು ಹಲೋ ಪ್ಯಾಕೆಟ್ 224.0.0.5ಕ್ಕೆ ಕಳಿಸ್ತಾ ಇರುತ್ತೆ, ಆ ಹಲೋ ಒಳಗೆ ನಾನು ಯಾರ್ಯಾರ ಹಲೋ ಕೇಳಿಸ್ಕೊಂಡೆ ಅಂತ ರೂಟರ್ ಐಡಿಗಳ ಪಟ್ಟಿ ಇರುತ್ತೆ, ಎದುರಿನವ್ನ ಪಟ್ಟೀಲಿ ನನ್ನ ಐಡಿ ಕಂಡ್ರೆ ಓ ಇವ್ನಿಗೆ ನನ್ ಮಾತು ಮುಟ್ಟಿದೆ ಅಂತ ಗೊತ್ತಾಗುತ್ತೆ, ಅದೇ ಟೂ-ವೇ. ಏರಿಯಾ, ಮಾಸ್ಕ್, ಟೈಮರ್, ಪಾಸ್‌ವರ್ಡ್ ಇವುಗಳಲ್ಲಿ ಯಾವ್ದು ಬೇರೆ ಇದ್ರೂ ಅಲ್ಲೀವರ್ಗೂ ಬರೋದೇ ಇಲ್ಲ. ನಿಮ್ದು ಅದನ್ನ ದಾಟಿದೆ, ಹಂಗಾಗಿ ಅವನ್ನ ಕೆದಕೋಕೆ ಹೋಗ್ಬೇಡಿ.

ಎಕ್ಸ್‌ಸ್ಟಾರ್ಟಲ್ಲಿ ನಿಂತ್ರೆ ನೂರಕ್ಕೆ ತೊಂಬತ್ತು ಭಾಗ ನಾನು ಎಂಟಿಯು (ಇಂಟರ್‌ಫೇಸಲ್ಲಿ ಒಂದೇ ಸಲಕ್ಕೆ ಹೋಗೋ ಪ್ಯಾಕೆಟ್ಟಿನ ಗರಿಷ್ಠ ಸೈಜು, ಬೈಟ್‌ಗಳಲ್ಲಿ) ಮೇಲೇ ಅನುಮಾನ ಪಡ್ತೀನಿ. ಇಲ್ಲಿ ಇಬ್ರೂ ಡಿಬಿಡಿ (ತನ್ನ ಹತ್ರ ಯಾವ ರೂಟಿಂಗ್ ಮಾಹಿತಿ ಇದೆ ಅನ್ನೋ ಪಟ್ಟಿ) ಪ್ಯಾಕೆಟ್ ಕೊಟ್ಟು ತಗೊಂಡು ಈ ವಿನಿಮಯ ನಡೆಸೋ ಮಾಸ್ಟರ್ ಯಾರು ಸ್ಲೇವ್ ಯಾರು ಅಂತ ತೀರ್ಮಾನ ಮಾಡ್ಕೋತಾರೆ, ಆ ಡಿಬಿಡೀಲಿ ಕಳಿಸಿದವನ ಇಂಟರ್‌ಫೇಸ್ ಎಂಟಿಯು ಬರ್ದಿರುತ್ತೆ, ಅದು ತನಗಿಂತ ದೊಡ್ಡದಿದ್ರೆ ಈ ಕಡೆಯವ್ನು ಮಾತೇ ಆಡದೆ ಪ್ಯಾಕೆಟ್ ಬಿಸಾಕ್ತಾನೆ. ಅವ್ನು ಮತ್ತೆ ಕಳಿಸ್ತಾನೆ, ಇವ್ನು ಮತ್ತೆ ಬಿಸಾಕ್ತಾನೆ. ಹಲೋ ಚಿಕ್ಕದು, ಅದ್ರಲ್ಲಿ ಎಂಟಿಯು ಪ್ರಸ್ತಾಪವೇ ಇಲ್ಲ, ಅದಕ್ಕೇ ನೈಬರ್ ಕಾಣ್ತಾನೆ. ನಿಮ್ ಪಿಂಗೂ ಚಿಕ್ಕ ಪ್ಯಾಕೆಟ್ಟೇ. ಸೈಜ್ 1500 ಕೊಟ್ಟು ಡೋಂಟ್ ಫ್ರಾಗ್ಮೆಂಟ್ ಹಾಕಿ ಎರಡೂ ಕಡೆಯಿಂದ ಪಿಂಗ್ ಮಾಡಿ, ಎರಡು ಇಂಟರ್‌ಫೇಸಿನ ಎಂಟಿಯು ಇಲ್ಲಿ ಹಾಕಿ.

ಪ್ರಶ್ನೆ ಕೇಳಿದವರು:
ಸಾರ್ ಸಿಕ್ತು! ಶಿಡ್ಲಘಟ್ಟದಲ್ಲಿ 1500, ಚಿಂತಾಮಣೀಲಿ 1492 ಇದೆ, ಮುಂಚೆ ಆ ಪೋರ್ಟ್ ನೋಡ್ಕೋತಿದ್ದ ಹುಡುಗ ಪಿಪಿಪಿಒಇ (ಗಿರಾಕಿಗಳ ಲಾಗಿನ್ ಕನೆಕ್ಷನ್) ಲೆಕ್ಕದಲ್ಲಿ ಹಾಕಿಟ್ಟು ಹೋಗಿದಾನೆ. ಎಂಟಿಯು ಇಗ್ನೋರ್ ಅಂತ ಒಂದು ಆಪ್ಷನ್ ಇದ್ಯಂತಲ್ಲ, ಅದು ಹಾಕಿದ್ರೆ ಸಾಕಾ?

ಉತ್ತರ:
ಸಿಸ್ಕೋದಲ್ಲಿ ಇದೆ, ಆದ್ರೆ ನಂಗೆ ಅದು ಇಷ್ಟ ಇಲ್ಲ ಕಣ್ರೀ. ಲಿಂಕಲ್ಲಿ 1500 ನಿಜವಾಗ್ಲೂ ಹೋಗ್ದಿದ್ರೆ ಈಗ ಎಕ್ಸ್‌ಸ್ಟಾರ್ಟ್ ದಾಟಿ ಆಮೇಲೆ ದೊಡ್ಡ ಪ್ಯಾಕೆಟ್ ಬಂದಾಗ ಮುಂದಿನ ಹಂತಗಳಾದ ಎಕ್ಸ್‌ಚೇಂಜಲ್ಲೋ ಲೋಡಿಂಗಲ್ಲೋ ಸಿಕ್ಕಾಕೊಳ್ಳುತ್ತೆ, ಆಗ ಹುಡುಕೋದು ಇನ್ನೂ ಕಷ್ಟ. ಎರಡೂ ಕಡೆ 1500 ಮಾಡಿ, ದೊಡ್ಡ ಪಿಂಗ್ ಹೋದ್ರೆ ಮುಗೀತು. ಹೋಗ್ಲಿಲ್ಲ ಅಂದ್ರೆ ಆ ಪಿಂಗ್ ಔಟ್‌ಪುಟ್ ತಗೊಂಡು ಲಿಂಕ್ ಕೊಟ್ಟೋರ ಹತ್ರ ಹೋಗಿ, ಆಗ ಹೆಂಗೆ ಇಲ್ಲ ಅಂತಾರೆ ನೋಡೋಣ.

ಇನ್ನೊಬ್ಬರು (ತುಮಕೂರು, ಇಂಜಿನಿಯರಿಂಗ್ ಸ್ಟೂಡೆಂಟ್):
ಸಾರ್ ಇದ್ರಲ್ಲೇ ನಂದೂ ಒಂದು ಡೌಟು, ಲ್ಯಾಬಲ್ಲಿ ಒಂದು ಸ್ವಿಚ್ಚಿಗೆ ನಾಲ್ಕು ರೂಟರ್ ಹಾಕಿದ್ರೆ ಎರಡು ರೂಟರ್ ಮಧ್ಯೆ ಟೂ-ವೇ ಅಂತಾನೇ ಇರುತ್ತೆ ಫುಲ್ ಆಗಲ್ಲ, ಅದೂ ಎಂಟಿಯು ನಾ?

ಉತ್ತರ:
ಅಲ್ಲ, ಅದು ಇರ್ಬೇಕಾದ್ದೇ ಹಂಗೆ. ಸ್ವಿಚ್ ಮೇಲೆ ಒಬ್ಬ ಡಿಆರ್ (ಎಲ್ಲರ ಮಾಹಿತಿ ತಗೊಂಡು ಹಂಚೋ ಮುಖ್ಯ ರೂಟರ್) ಒಬ್ಬ ಬಿಡಿಆರ್ (ಅವ್ನ ಬ್ಯಾಕಪ್) ಆಗ್ತಾರೆ, ಮಿಕ್ಕವ್ರು ಅವರಿಬ್ರ ಜೊತೆ ಮಾತ್ರ ಫುಲ್, ತಮ್ತಮ್ಮಲ್ಲಿ ಟೂ-ವೇ. ಇನ್ನೊಂದು, ಡಿಆರ್ ಆಯ್ಕೆಗೆ ನೋಡೋ ಪ್ರಯಾರಿಟಿ ಜಾಸ್ತಿ ಮಾಡಿದ ತಕ್ಷಣ ಡಿಆರ್ ಬದ್ಲಾಗಲ್ಲ, ಇರೋ ಡಿಆರ್ ಬಿದ್ದೋದ್ರೆ ಬಿಡಿಆರ್ ಬರ್ತಾನೆ. ಲ್ಯಾಬಲ್ಲಿ ಅದು ಬದ್ಲಾಗ್ಲಿಲ್ಲ ಅಂತ ತಲೆ ಕೆಡಿಸ್ಕೋಬೇಡಿ.

ಅದೇ ಸ್ಟೂಡೆಂಟ್:
ಬಿಜಿಪೀಲೂ ಹಲೋ ಹೋಗುತ್ತಾ ಸಾರ್?

ಉತ್ತರ:
ಇಲ್ಲಪ್ಪ, ಅಲ್ಲಿ ನೈಬರ್ ಐಪಿ ನೀನೇ ಕೈಯಲ್ಲಿ ಬರೀಬೇಕು, ಟಿಸಿಪಿ 179ರಲ್ಲಿ ಕನೆಕ್ಷನ್ ಆಗುತ್ತೆ, ಆಮೇಲೆ ಕೀಪ್‌ಅಲೈವ್ ಹೋಗ್ತಾ ಇರುತ್ತೆ. ಹೆಚ್ಚಾಗಿ ಬೇರೆ ಸಂಸ್ಥೆಯವ್ರ ನೆಟ್‌ವರ್ಕಿನ ರೂಟರ್ ಜೊತೆ ಮಾತಾಡೋ ಪ್ರೋಟೋಕಾಲ್ ಅದು, ಕಂಡ್ಕಂಡವ್ರನ್ನೆಲ್ಲ ಆಟೋಮ್ಯಾಟಿಕ್ ಆಗಿ ನೈಬರ್ ಮಾಡ್ಕೊಂಡ್ರೆ ಆಗುತ್ತಾ?

ಪ್ರಶ್ನೆ ಕೇಳಿದವರು:
ಸಾರ್ 1500 ಮಾಡ್ದೆ, ದೊಡ್ಡ ಪಿಂಗ್ ಹೋಯ್ತು, ಎರಡೂ ಕಡೆ ಫುಲ್. ಥ್ಯಾಂಕ್ಸ್ ಸಾರ್.